ಒಂದು ನಲ್ಲಿ, ಮೂರು ನೀರು: ಬೆಂಗಳೂರಿನ ಬಡಾವಣೆಗಳ ಗಡಸು ನೀರಿನ ಲೆಕ್ಕ

ಬೆಂಗಳೂರಿನ ಹೊರ ಬಡಾವಣೆಗಳಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮುಂಗಡದ ಮೊತ್ತಕ್ಕಿಂತ ಮೊದಲು ಕೇಳುವುದು "ಕಾವೇರಿನಾ, ಬೋರಾ?" ಎಂದು. ಮಾಲೀಕರ ಉತ್ತರ ಬಹಳ ಸಲ "ಎರಡೂ ಇದೆ" ಎಂದಿರುತ್ತದೆ. ಆ ಉತ್ತರ ಸುಳ್ಳಲ್ಲ, ಆದರೆ ಅದರ ಪೂರ್ತಿ ಅರ್ಥ ತಿಳಿಯಬೇಕಾದರೆ ಗೇಟಿನ ಪಕ್ಕದಲ್ಲಿರುವ ಸಂಪಿನ ಮುಚ್ಚಳ ತೆಗೆದು ನೋಡಬೇಕು. ವಾಲ್ವ್‌ಮನ್ ಬಂದು ವಾಲ್ವ್ ತಿರುಗಿಸಿದ ದಿನ ಜಲಮಂಡಳಿಯ ನೀರು ಬಂದು ಬೀಳುವುದು ಅದೇ ಸಂಪಿಗೆ. ಅದು ಸಾಲದ ದಿನ ಕೊಳವೆಬಾವಿಯ ನೀರು ಸುರಿಯುವುದೂ ಅದಕ್ಕೇ. ಬೇಸಿಗೆಯಲ್ಲಿ ಬೋರು ಕೈಕೊಟ್ಟಾಗ ಟ್ಯಾಂಕರಿನ ದಪ್ಪ ಪೈಪು ಇಳಿಯುವುದೂ ಅದರೊಳಕ್ಕೇ. ಹೀಗಾಗಿ ಅಡುಗೆಮನೆಯ ಒಂದೇ ನಲ್ಲಿಯಲ್ಲಿ ಸೋಮವಾರ ಬರುವ ನೀರೂ ಗುರುವಾರ ಬರುವ ನೀರೂ ಬೇರೆ ಬೇರೆ. "ನಿಮ್ಮ ಏರಿಯಾದ ನೀರು ಎಷ್ಟು ಗಡಸು?" ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಸಿಗದಿರುವುದಕ್ಕೆ ಇದೇ ಕಾರಣ.

ಲೆಕ್ಕ ಹಾಕಿ ನೋಡುವುದು ಕಷ್ಟವಲ್ಲ. ಗಡಸುತನವೆಂದರೆ, ಸದ್ಯಕ್ಕೆ, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂನ ಅಳತೆ ಎಂದುಕೊಳ್ಳಿ. ಲೀಟರಿಗೆ 120 ಮಿಲಿಗ್ರಾಂ ಗಡಸುತನದ 4,000 ಲೀಟರ್ ಕಾವೇರಿ ನೀರು ಸಂಪಿನಲ್ಲಿದೆ, ಅದರ ಮೇಲೆ 600 ಮಿಲಿಗ್ರಾಂ ಗಡಸುತನದ 4,000 ಲೀಟರ್ ಟ್ಯಾಂಕರ್ ನೀರು ಬಿತ್ತು ಎಂದಿಟ್ಟುಕೊಳ್ಳೋಣ. ಮಿಶ್ರಣದ ಗಡಸುತನ ಎರಡರ ಸರಾಸರಿ, ಅಂದರೆ 360. ಮರುದಿನ ಕಾವೇರಿ ನೀರು ಬಾರದೆ ಇನ್ನೊಂದು ಟ್ಯಾಂಕರ್ ತರಿಸಿದರೆ ಅಂಕಿ ಮತ್ತೆ ಏರುತ್ತದೆ. ವಾರವಿಡೀ ಏರಿಳಿಯುವ ಈ ನೀರನ್ನು ಒಂದು ಬೆಳಿಗ್ಗೆ ಬಂದು ಒಂದು ಲೋಟದಲ್ಲಿ ಅಳೆದು, "ನಿಮ್ಮ ನೀರು ಹೀಗಿದೆ" ಎಂದು ಯಂತ್ರ ಮಾರುವವರು ಹೇಳುವ ಮಾತನ್ನು ಎಷ್ಟು ನಂಬಬೇಕೆಂಬುದು ಇಲ್ಲಿಗೇ ಅರ್ಥವಾದೀತು.

ಮೂರು ನೀರಿನ ಮೂಲಗಳು ಏಕೆ ಇಷ್ಟು ಭಿನ್ನ ಎಂಬುದಕ್ಕೆ ನೆಲದ ಮೇಲಿನ ದಾರಿ ಮತ್ತು ನೆಲದೊಳಗಿನ ದಾರಿ ಎರಡನ್ನೂ ನೋಡಬೇಕು. ಕಾವೇರಿ ನೀರು ಶಿವ ಅಣೆಕಟ್ಟೆಯ ಬಳಿ ನದಿಯಿಂದ ಹೊರಟು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ಅಲ್ಲಿ ಕೆಸರು ಕೂರಿಸಿ, ಮರಳಿನ ಹಾಸಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ, ಸುಮಾರು 100 ಕಿಲೋಮೀಟರ್ ದೂರವನ್ನೂ ಸುಮಾರು 500 ಮೀಟರ್ ಎತ್ತರವನ್ನೂ ಹಂತಹಂತವಾಗಿ ಪಂಪು ಮಾಡಿ ನಗರಕ್ಕೆ ತರುತ್ತಾರೆ. 1974ರಲ್ಲಿ ಮೊದಲ ಹಂತದೊಂದಿಗೆ ಶುರುವಾದ ಈ ವ್ಯವಸ್ಥೆಯ ಐದನೆಯ ಹಂತ, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳನ್ನು ಉದ್ದೇಶಿಸಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಈ ಇಡೀ ಸರಣಿಯಲ್ಲಿ ಗಡಸುತನ ತೆಗೆಯುವ ಹಂತ ಒಂದೂ ಇಲ್ಲ ಎಂಬುದನ್ನು ಗಮನಿಸಬೇಕು. ಅದರ ಅಗತ್ಯವೂ ಇಲ್ಲ. ನದಿಯ ನೀರು ಬಹುಪಾಲು ನೆಲದ ಮೇಲ್ಮೈಯಲ್ಲಿ ಹರಿದು ಬಂದ ಮಳೆ ನೀರು. ಬಂಡೆಯೊಂದಿಗೆ ಅದರ ಸಹವಾಸ ಅಲ್ಪಕಾಲದ್ದು.

ಕೊಳವೆಬಾವಿಯ ನೀರಿನ ಕಥೆ ಬೇರೆ. ಶಾಲೆಯ ಪಠ್ಯದಲ್ಲಿ ಗಡಸು ನೀರಿಗೆ ಸುಣ್ಣಕಲ್ಲು ಕಾರಣ ಎಂದು ಓದಿದವರು ಬೆಂಗಳೂರಿನ ಕೆಳಗೆ ಸುಣ್ಣಕಲ್ಲಿನ ಪದರವೇ ಇಲ್ಲವೆಂದು ತಿಳಿದಾಗ ಅಚ್ಚರಿಪಡುತ್ತಾರೆ. ಇಲ್ಲಿರುವುದು ಲಾಲ್‌ಬಾಗಿನ ಗುಡ್ಡದಲ್ಲಿ ಹೊರಗೆ ಕಾಣುವ ಅದೇ ಹಳೆಯ ನೈಸ್ ಶಿಲೆ ಮತ್ತು ಗ್ರಾನೈಟು. ಆದರೆ ಮಣ್ಣಿನ ಮೂಲಕ ಇಳಿಯುವ ಮಳೆ ನೀರು ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಆ ಆಮ್ಲ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕುಳಿತು, ಶಿಲೆಯೊಳಗಿನ ಫೆಲ್ಡ್‌ಸ್ಪಾರ್, ಹಾರ್ನ್‌ಬ್ಲೆಂಡ್‌ನಂಥ ಖನಿಜಗಳನ್ನು ಮೆಲ್ಲಗೆ ಕರಗಿಸಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಬಿಡಿಸಿಕೊಳ್ಳುತ್ತದೆ. ಇದಲ್ಲದೆ, ಒಳಚರಂಡಿ ಇಲ್ಲದ ಬೀದಿಗಳ ಪಿಟ್ಟುಗಳಿಂದ ಇಂಗಿದ ಕೊಳಚೆಯೂ ತನ್ನ ಪಾಲಿನ ಲವಣಗಳನ್ನು ಸೇರಿಸುತ್ತದೆ. ಎರಡು ಸೈಟು ಆಚೆಗಿನ ಬೋರಿನ ನೀರು ಸಪ್ಪೆಯಾಗಿ, ನಮ್ಮದು ಉಪ್ಪುಪ್ಪಾಗಿ ಇರುವುದು ಈ ಬಿರುಕುಗಳ ಆಟ. ನೆಲದಡಿಯಲ್ಲಿ ಒಂದೇ ಕೆರೆಯಂತೆ ಹರಡಿದ ನೀರಿಲ್ಲ, ಒಂದಕ್ಕೊಂದು ಸಂಬಂಧ ಇರುವ ಮತ್ತು ಇಲ್ಲದ ಸೀಳುಗಳಿವೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿದಾಗ, ಬಡಾವಣೆಗಳ ಜನ ಎಲ್ಲಿಯದೆಂದು ತಿಳಿಯದ ನೀರನ್ನು ಟ್ಯಾಂಕರಿನಲ್ಲಿ ತರಿಸಬೇಕಾಯಿತು. ಟ್ಯಾಂಕರಿನ ನೀರೂ ಯಾವುದೋ ಬೋರಿನದೇ. ಯಾವುದು ಎಂದು ಚಾಲಕನೂ ಪ್ರತಿ ಸಲ ಒಂದೇ ಉತ್ತರ ಕೊಡುವುದಿಲ್ಲ.

ಹಾಗಾದರೆ ಗಡಸುತನವೆಂದರೆ ನಿಖರವಾಗಿ ಏನು? ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಇವೆರಡರ ಒಟ್ಟು ಲೆಕ್ಕ. ಎರಡರ ಪರಮಾಣು ತೂಕ ಬೇರೆಯಾದ್ದರಿಂದ ಎರಡನ್ನೂ ಕ್ಯಾಲ್ಸಿಯಂ ಕಾರ್ಬೊನೇಟಿನ ಸಮಾನ ತೂಕಕ್ಕೆ ಪರಿವರ್ತಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ರೂಢಿ. ಪ್ರಯೋಗಾಲಯದ ವರದಿಯಲ್ಲಿ ಎರಡನ್ನೂ ಬಿಡಿಬಿಡಿಯಾಗಿ ಕೊಟ್ಟಿದ್ದರೆ ಕ್ಯಾಲ್ಸಿಯಂನ ಅಂಕಿಯನ್ನು 2.5ರಿಂದ, ಮೆಗ್ನೀಸಿಯಂನ ಅಂಕಿಯನ್ನು 4.1ರಿಂದ ಗುಣಿಸಿ ಕೂಡಿದರೆ ಸಾಕು: ಕ್ಯಾಲ್ಸಿಯಂ 80, ಮೆಗ್ನೀಸಿಯಂ 40 ಇದ್ದರೆ ಗಡಸುತನ 364. ವರದಿಯಲ್ಲಿ ಬರೆದ ಒಟ್ಟು ಅಂಕಿ ಈ ಲೆಕ್ಕಕ್ಕೆ ಹತ್ತಿರವೂ ಇಲ್ಲದಿದ್ದರೆ ಆ ವರದಿಯನ್ನೇ ಅನುಮಾನಿಸಬಹುದು.

ಈ ಅಂಕಿ ಬರುವುದನ್ನು ಕಣ್ಣಾರೆ ನೋಡಬೇಕೆಂದರೆ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಹೋಗಬೇಕು. ಶಂಕುವಿನಾಕಾರದ ಗಾಜಿನ ಪಾತ್ರೆಗೆ 50 ಮಿಲಿಲೀಟರ್ ನೀರು ಅಳೆದು ಹಾಕಿ, ಮೂಗು ಸುಡುವ ಅಮೋನಿಯಾ ದ್ರಾವಣವನ್ನು ಸ್ವಲ್ಪ ಬೆರೆಸಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಚಿಟಿಕೆ ಹಾಕಿದರೆ ನೀರು ನೇರಳೆ ಹಣ್ಣಿನ ರಸದಂತೆ ಕೆಂಪಡರುತ್ತದೆ. ಮೇಲಿನ ಬ್ಯೂರೆಟ್ಟಿನಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಪಾತ್ರೆಯನ್ನು ತಿರುಗಿಸುತ್ತಿರಬೇಕು. ಇಡಿಟಿಎ ಒಂದೊಂದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನನ್ನು ಹಿಡಿದುಕೊಳ್ಳುತ್ತ ಹೋಗಿ, ಕೊನೆಯದೂ ಸಿಕ್ಕಿಬಿದ್ದ ಕ್ಷಣದಲ್ಲಿ ಕೆಂಪು ಮಾಯವಾಗಿ ಇಡೀ ಪಾತ್ರೆ ಶುದ್ಧ ನೀಲಿಯಾಗುತ್ತದೆ. ಸಾಮಾನ್ಯವಾಗಿ ಬಳಸುವ ಸಾಂದ್ರತೆಯಲ್ಲಿ ಆ ದ್ರಾವಣದ ಒಂದು ಮಿಲಿಲೀಟರ್ ಒಂದು ಮಿಲಿಗ್ರಾಂ ಗಡಸುತನಕ್ಕೆ ಸಮ. 20 ಮಿಲಿಲೀಟರ್ ಖರ್ಚಾಗಿದ್ದರೆ ಲೀಟರಿಗೆ 400. ಮನೆಯಿಂದ ಬಾಟಲಿಯಲ್ಲಿ ಬೋರ್ ನೀರು ತಂದ ವಿದ್ಯಾರ್ಥಿಗೆ ಬ್ಯೂರೆಟ್ಟು ಎರಡನೆಯ ಸಲ ತುಂಬಿಸಬೇಕಾಗಿ ಬರುವುದೂ ಉಂಟು.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ, ಅಂದರೆ ಐಎಸ್ 10500, ಗಡಸುತನಕ್ಕೆ ಎರಡು ಅಂಕಿಗಳನ್ನು ಕೊಡುತ್ತದೆ. 200 ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲ ಇಲ್ಲದ ಕಡೆ 600ರವರೆಗೆ ಅನುಮತಿ. ಯಂತ್ರ ಮಾರುವವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ, ಟ್ಯಾಂಕರಿನವರು ಎರಡನೆಯದನ್ನು ಮಾತ್ರ. ಎರಡರ ನಡುವಿನ ಈ ದೊಡ್ಡ ಅಂತರಕ್ಕೆ ಕಾರಣವಿದೆ: ಗಡಸುತನಕ್ಕೆ ಹಾಕಿದ ಮಿತಿ ಮುಖ್ಯವಾಗಿ ರುಚಿ, ಸೋಪು, ಪೈಪುಗಳ ಸಲುವಾಗಿ ಹಾಕಿದ್ದು. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಆಧಾರದ ಮಿತಿಯನ್ನೇ ನಿಗದಿ ಮಾಡಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ನಾವು ರಾಗಿಯಲ್ಲಿ, ಸೊಪ್ಪಿನಲ್ಲಿ ಹುಡುಕಿಕೊಂಡು ತಿನ್ನುವ ಪೋಷಕಾಂಶಗಳೇ.

ಆದರೂ ಗಡಸು ನೀರಿನ ಉಪದ್ರವ ನಿಜವಾದದ್ದು, ಮತ್ತು ಅದು ಹೆಚ್ಚಾಗಿ ಅಡುಗೆಮನೆ ಮತ್ತು ಬಚ್ಚಲಲ್ಲಿ ಕಾಣುತ್ತದೆ. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬ ಹಿರಿಯರ ದೂರಿಗೆ ರಸಾಯನಶಾಸ್ತ್ರದ ಬೆಂಬಲವಿದೆ: ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ನೀರಿನ ಕ್ಯಾಲ್ಸಿಯಂ ಇನ್ನಷ್ಟು ಗಟ್ಟಿಯಾಗಿ ಹೊಲಿದುಬಿಡುತ್ತದೆ. ಕುಕ್ಕರು ಐದು ಸಲ ಕೂಗಿದರೂ ತೊಗರಿಬೇಳೆ ಕರಗದೆ ಕಾಳುಕಾಳಾಗಿ ಉಳಿಯುವುದು ಇದರಿಂದ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಯುವುದು, ಸೋಡಾದ ಕ್ಷಾರಗುಣ ಆ ಪೆಕ್ಟಿನ್ನನ್ನು ಒಡೆಯುವುದರಿಂದ. ಸ್ನಾನದ ಸೋಪಿನ ಕಥೆಯೂ ಇಂಥದ್ದೇ. ಸೋಪಿನ ಅಂಶ ಕ್ಯಾಲ್ಸಿಯಂನೊಂದಿಗೆ ಸೇರಿ ಕರಗದ ಬಿಳಿ ಜಿಡ್ಡಾಗುತ್ತದೆ, ಬಕೆಟ್ಟಿನ ಅಂಚಿಗೆ ಗೆರೆ ಕಟ್ಟುತ್ತದೆ, ಅಷ್ಟೂ ಕ್ಯಾಲ್ಸಿಯಂ ಖರ್ಚಾಗುವವರೆಗೆ ನೊರೆ ಬರುವುದಿಲ್ಲ. ಬಟ್ಟೆಯ ಡಿಟರ್ಜೆಂಟ್ ಪುಡಿಗೆ ಈ ತೊಂದರೆ ಬಹಳ ಕಡಿಮೆ.

ಗೀಸರಿನೊಳಗೆ ನಡೆಯುವುದು ಗಡಸುತನದ ಒಂದು ಬಗೆಗೆ ಮಾತ್ರ ಸಂಬಂಧಿಸಿದ್ದು. ಬೈಕಾರ್ಬೊನೇಟಿನ ರೂಪದಲ್ಲಿರುವ ಗಡಸುತನ ತಾತ್ಕಾಲಿಕ. ನೀರು ಕಾದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಹಕ್ಕಳೆಯಾಗಿ ತಳ ಹಿಡಿಯುತ್ತದೆ. ಸಲ್ಫೇಟ್, ಕ್ಲೋರೈಡ್ ರೂಪದ್ದು ಶಾಶ್ವತ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ಸಕ್ಕರೆ, ಉಪ್ಪು ಬಿಸಿ ನೀರಿನಲ್ಲಿ ಹೆಚ್ಚು ಕರಗುವುದನ್ನು ನೋಡಿ ಅಭ್ಯಾಸವಾದ ನಮಗೆ, ಬಿಸಿಯಾದಷ್ಟೂ ಕಡಿಮೆ ಕರಗುವ ವಸ್ತುವೊಂದಿದೆ ಎಂಬುದು ವಿಚಿತ್ರವಾಗಿ ಕಾಣಬಹುದು, ಆದರೆ ಗೀಸರಿನ ಕಾಯಿಲ್ ಕೆಡುವುದೇ ಆ ವೈಚಿತ್ರ್ಯದಿಂದ. ದಿನಕ್ಕೆ ನೂರು ಲೀಟರ್ ನೀರು ಕಾಯಿಸುವ ಮನೆಯಲ್ಲಿ ಲೀಟರಿಗೆ ಬರೀ 20 ಮಿಲಿಗ್ರಾಂ ಹಕ್ಕಳೆ ಕೂತರೂ ವರ್ಷಕ್ಕೆ ಮುಕ್ಕಾಲು ಕಿಲೋ ಹತ್ತಿರವಾಗುತ್ತದೆ. ಕಾಯಿಲಿನ ಶಾಖ ಆ ಕಲ್ಲಿನ ಕವಚ ದಾಟಿ ನೀರಿಗೆ ಹೋಗಬೇಕಾದ್ದರಿಂದ ಕರೆಂಟು ಹೆಚ್ಚು ಉರಿಯುತ್ತದೆ, ಕಾಯಿಲ್ ತಾನೇ ಸುಟ್ಟುಕೊಳ್ಳುತ್ತದೆ. ಮಾಳಿಗೆಯ ಸೋಲಾರ್ ಕೊಳವೆಗಳಿಗೂ ಇದೇ ಗತಿ. ನಮ್ಮ ಮನೆಯ ಷವರಿನ ತಲೆಯನ್ನು ಕಳಚಿ ಹುಣಸೆಹಣ್ಣಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಬೆಳಿಗ್ಗೆ ರಂಧ್ರಗಳೆಲ್ಲ ಬಿಟ್ಟುಕೊಂಡಿರುತ್ತವೆ. ಹಿತ್ತಾಳೆ ಪಾತ್ರೆ ತಿಕ್ಕುವ ಹುಳಿ ಕಾರ್ಬೊನೇಟಿನ ಮೇಲೂ ಕೆಲಸ ಮಾಡುತ್ತದೆ.

ಕೂದಲು ಉದುರುವುದು, ಚರ್ಮ ಒಣಗುವುದು, ಮೂತ್ರಪಿಂಡದ ಕಲ್ಲು, ಇವೆಲ್ಲವನ್ನೂ ಬಡಾವಣೆಯ ಮಾತಿನಲ್ಲಿ ಬೋರ್ ನೀರಿನ ತಲೆಗೇ ಕಟ್ಟುತ್ತಾರೆ. ಕಲ್ಲಿನ ವಿಷಯದಲ್ಲಿ, ನೀರಿನ ಗಡಸುತನಕ್ಕಿಂತ ದಿನಕ್ಕೆ ಎಷ್ಟು ನೀರು ಕುಡಿಯುತ್ತೇವೆ ಎಂಬುದೇ ಹೆಚ್ಚು ಮುಖ್ಯ; ರುಚಿ ಹಿಡಿಸದೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಮಾತ್ರ ಗಡಸು ನೀರು ಪರೋಕ್ಷವಾಗಿ ದೋಷಿ. ಚರ್ಮದ ವಿಷಯ ಸ್ವಲ್ಪ ತೊಡಕಿನದು. ಗಡಸು ನೀರಿನ ಪ್ರದೇಶಗಳ ಎಳೆಯ ಮಕ್ಕಳಲ್ಲಿ ಇಸುಬು ಹೆಚ್ಚು ಕಾಣುತ್ತದೆಂದು ಕೆಲವು ಅಧ್ಯಯನಗಳು ಹೇಳಿವೆ, ಆದರೆ ಇಸುಬು ಇದ್ದ 336 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೆಗೆ ಮೃದುಕಾರಕ ಯಂತ್ರ ಹಾಕಿಸಿದ್ದರಿಂದ ಹೆಚ್ಚುವರಿ ಪ್ರಯೋಜನವೇನೂ ಕಂಡುಬರಲಿಲ್ಲ. ಕೂದಲಿಗೆ ಸೋಪಿನ ಜಿಡ್ಡು ಅಂಟಿ ಒರಟಾಗುವುದು ನಿಜ. ಒರಟಾಗುವುದು ಬೇರೆ, ಬುಡದಿಂದ ಉದುರುವುದು ಬೇರೆ.

ಈಗ ಟಿಡಿಎಸ್ ಪೆನ್ನಿನ ಮಾತು. ಲೋಟದಲ್ಲಿ ಅದ್ದಿದೊಡನೆ ಅಂಕಿ ತೋರಿಸುವ ಆ ಸಣ್ಣ ಉಪಕರಣ ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಹರಿಯಗೊಡುತ್ತದೆ ಎಂಬುದನ್ನು ಮಾತ್ರ. ಅದರಿಂದ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜು ಮಾಡುತ್ತದೆ. ಆ ಲವಣ ಕ್ಯಾಲ್ಸಿಯಮ್ಮೋ, ಅಡುಗೆ ಉಪ್ಪೋ, ನೈಟ್ರೇಟೋ ಎಂದು ಅದಕ್ಕೆ ತಿಳಿಯದು. ಸೂಕ್ಷ್ಮಜೀವಿಗಳನ್ನಂತೂ ಅದು ಕಾಣುವುದೇ ಇಲ್ಲ. ಚರಂಡಿ ನೀರಿನ ಹನಿ ಬೆರೆತ ಕಾವೇರಿ ನೀರಿಗೂ ಪೆನ್ನು 200 ತೋರಿಸಿ ಸುಮ್ಮನಾಗುತ್ತದೆ. ಯಾವ ರೋಗಾಣುವೂ ಇಲ್ಲದ ಬೋರ್ ನೀರಿಗೆ 700 ತೋರಿಸಿ ಮನೆಮಂದಿಯನ್ನು ಹೆದರಿಸುತ್ತದೆ. ಅದೇ ಹೆದರಿಕೆಯಲ್ಲಿ ಕೊಂಡ ಆರ್‌ಒ ಯಂತ್ರ, ಲವಣಗಳ ತೊಂಬತ್ತು ಪಾಲು ತೆಗೆಯುತ್ತದೆ ನಿಜ, ಆದರೆ ಒಂದು ಲೀಟರ್ ಕೊಡುವಾಗ ಅದಕ್ಕಿಂತ ಹೆಚ್ಚು ನೀರನ್ನು ಸಿಂಕಿಗೆ ಬಿಡುವುದು ಸಾಮಾನ್ಯ. ಕರಗಿದ ಲವಣ 500ಕ್ಕಿಂತ ಕಡಿಮೆ ಇರುವ ನೀರಿಗೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಈ ಕಾರಣಕ್ಕೇ. ಪೂರ್ತಿ ಕಾವೇರಿ ನೀರು ಬರುವ ಮನೆಯಲ್ಲಿ ಆರ್‌ಒ ಇಟ್ಟುಕೊಳ್ಳುವುದು, ನನ್ನ ಅಭಿಪ್ರಾಯದಲ್ಲಿ, ನೂರು ಕಿಲೋಮೀಟರ್ ಏರಿಸಿ ತಂದ ನೀರನ್ನು ಕಾರಣವಿಲ್ಲದೆ ಚೆಲ್ಲುವುದು.

ಮೃದುಕಾರಕ ಯಂತ್ರ, ಅಂದರೆ ಸಾಫ್ಟ್‌ನರ್, ಬೇರೆ ಕೆಲಸಕ್ಕೆ ಬಂದದ್ದು. ಅದರೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪು ನೀರು ಹಾಯಿಸಿ ಅವನ್ನು ಮತ್ತೆ ಸಿದ್ಧಗೊಳಿಸಬೇಕು. ಗಡಸುತನ ಹೋದರೂ ಪೆನ್ನಿನ ಅಂಕಿ ಇಳಿಯದಿರುವುದನ್ನು ನೋಡಿ "ಯಂತ್ರ ಕೆಲಸ ಮಾಡುತ್ತಿಲ್ಲ" ಎಂದು ಜಗಳವಾಡುವವರಿದ್ದಾರೆ. ಒಂದು ಲವಣ ಹೋಗಿ ಇನ್ನೊಂದು ಬಂದಿರುವುದರಿಂದ ಇಳಿಯಬೇಕಾದ ಕಾರಣವೇ ಇಲ್ಲ. ಪ್ರತಿ 100 ಮಿಲಿಗ್ರಾಂ ಗಡಸುತನ ತೆಗೆದಾಗ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 500ರ ನೀರನ್ನು ಪೂರ್ತಿ ಮೃದು ಮಾಡಿದರೆ ಲೀಟರಿಗೆ 230 ಮಿಲಿಗ್ರಾಂ. ಗೀಸರಿಗೂ ವಾಷಿಂಗ್ ಮಷಿನ್ನಿಗೂ ಇದು ಒಳ್ಳೆಯದೇ, ರಕ್ತದೊತ್ತಡ ಇರುವವರು ಕುಡಿಯಲಿಕ್ಕಲ್ಲ, ಹೂವಿನ ಕುಂಡಕ್ಕೂ ಅಲ್ಲ.

ಇಷ್ಟು ಹೊತ್ತು ಹೇಳಿದ್ದು ಕಣ್ಣಿಗೆ ಕಾಣುವ ದೋಷದ ಬಗ್ಗೆ. ಬಡಾವಣೆಯ ಜನ ದುಡ್ಡು ಸುರಿಯುವುದೂ ಅದಕ್ಕೇ. ಆದರೆ ಮಾನದಂಡದಲ್ಲಿ ಯಾವ ವಿನಾಯಿತಿಯೂ ಇಲ್ಲದೆ ಒಂದೇ ಅಂಕಿ ಬರೆದಿರುವ ವಸ್ತುಗಳು ಬೇರೆ, ಮತ್ತು ಅವುಗಳಲ್ಲಿ ಹಲವು ಕಲೆ ಬಿಡುವುದಿಲ್ಲ, ರುಚಿ ಕೆಡಿಸುವುದಿಲ್ಲ. ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ಮೂಲ ಇಲ್ಲವೆಂದರೂ ಅದಕ್ಕಿಂತ ಹೆಚ್ಚಿಗೆ ಅನುಮತಿ ಇಲ್ಲ. ಕೊಳಚೆ ಇಂಗಿದ ನೆಲದ ಬೋರುಗಳಲ್ಲಿ ಅದು ಏರುತ್ತದೆ, ಬಾಟಲಿ ಹಾಲು ಕುಡಿಯುವ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ತಾತ್ಕಾಲಿಕ ಗಡಸುತನವೂ ಇಳಿಯುತ್ತದೆ. ನೈಟ್ರೇಟ್ ಮಾತ್ರ ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಮಗುವಿಗೆಂದು ಹೆಚ್ಚು ಹೊತ್ತು ಕುದಿಸುವ ತಾಯಿಗೆ ಇದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ಸಮಸ್ಯೆ ಹುಟ್ಟುವುದು ನೀರು ಬಾರದ ದಿನ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಹೊರಟ ನೀರು ಬೀದಿಯ ಪೈಪಿನಲ್ಲಿ ಒತ್ತಡದಿಂದ ತುಂಬಿರುವವರೆಗೆ, ಪೈಪಿನಲ್ಲಿ ಬಿರುಕಿದ್ದರೂ ನೀರು ಹೊರಗೆ ಸೋರುತ್ತದೆಯೇ ಹೊರತು ಹೊರಗಿನದು ಒಳಗೆ ಬರುವುದಿಲ್ಲ. ವಾಲ್ವ್ ಮುಚ್ಚಿ ಪೈಪು ಖಾಲಿಯಾದಾಗ, ಅದರಲ್ಲೂ ಬೇಗ ನೀರು ಸಿಗಲಿ ಎಂದು ಯಾರೋ ನೇರವಾಗಿ ಲೈನಿಗೇ ಮೋಟಾರು ಹಚ್ಚಿ ಎಳೆದಾಗ, ಅದೇ ಬಿರುಕಿನಿಂದ ಪಕ್ಕದ ಚರಂಡಿಯ ತೇವ ಒಳಗೆ ಸೆಳೆಯಲ್ಪಡುತ್ತದೆ. ಇದಕ್ಕೆ ಕಾವಲಾಗಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ಮಾನದಂಡ ಹೇಳುತ್ತದೆ. ಸಂಪಿನಲ್ಲಿ ಎರಡು ದಿನ, ಬಿಸಿಲಿಗೆ ಕಾದ ಸಿಂಟೆಕ್ಸಿನಲ್ಲಿ ಇನ್ನೊಂದು ದಿನ ಕಳೆದ ನೀರಿನಲ್ಲಿ ಆ ಕಾವಲು ಉಳಿಯುವುದು ಕಷ್ಟ. ಕ್ಲೋರಿನ್ ಇಲ್ಲದ ಬೋರ್ ನೀರು ಬೆರೆತರೆ ಇನ್ನೂ ಕಷ್ಟ. "ಬ್ಲೀಚಿಂಗ್ ವಾಸನೆ ಬರುತ್ತಿದೆ" ಎಂಬ ದೂರು ಕೇಳಿದಾಗ ನನಗೆ ಒಳಗೊಳಗೆ ಸಮಾಧಾನವೇ ಆಗುತ್ತದೆ.

ಗಡಸುತನಕ್ಕೆ ಅಗ್ಗದ ಉಪಾಯ ಯಂತ್ರವಲ್ಲ, ಬೆರಕೆ. ಮಾಳಿಗೆಯ ಮೇಲೆ ಬೀಳುವ ಮಳೆ ನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರಡಿ ಚಾವಣಿಯಿಂದ, ಐದರಲ್ಲಿ ಒಂದು ಪಾಲು ಪೋಲಾಯಿತೆಂದು ಬಿಟ್ಟರೂ, ಎಪ್ಪತ್ತು ಸಾವಿರ ಲೀಟರ್ ಸಿಗುತ್ತದೆ. ಮಳೆ ನೀರು ಸಂಗ್ರಹವನ್ನು ಜಲಮಂಡಳಿ ಕಡ್ಡಾಯ ಮಾಡಿದ್ದು 2009ರಲ್ಲಿ. ಆದರೆ ಅನೇಕ ಮನೆಗಳಲ್ಲಿ ಅದು ದಾಖಲೆಗಾಗಿ ಹಾಕಿಸಿದ ಪೈಪು. ಅದರ ಇನ್ನೊಂದು ತುದಿ ಚರಂಡಿಯಲ್ಲಿದೆ. ಮೊದಲ ಮಳೆಯ ಧೂಳು ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ಸಂಪಿಗೆ ತಿರುಗಿಸಿದರೆ ಮಳೆಗಾಲದ ತಿಂಗಳುಗಳಲ್ಲಿ ಬೋರಿನ 600 ತಾನಾಗಿಯೇ 300ಕ್ಕೆ ಇಳಿದೀತು.

ನೀರನ್ನು ಪರೀಕ್ಷೆಗೆ ಕೊಡುವವರು ಎಲ್ಲಿಯ ನೀರು, ಯಾವ ದಿನದ್ದು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಬೋರಿನ ಬಾಯಿಯದನ್ನೂ, ಕಾವೇರಿ ಬಂದ ದಿನ ಸಂಪಿಗೆ ಬೀಳುವ ಮೊದಲಿನದನ್ನೂ, ಅಡುಗೆಮನೆಯ ನಲ್ಲಿಯದನ್ನೂ ಬೇರೆ ಬೇರೆ ಬಾಟಲಿಯಲ್ಲಿ ಹಿಡಿದರೆ ತೊಂದರೆ ಎಲ್ಲಿ ಸೇರುತ್ತಿದೆ ಎಂದು ತಿಳಿಯುತ್ತದೆ. ಕೇಳಬೇಕಾದ ಪರೀಕ್ಷೆಗಳು ಒಟ್ಟು ಗಡಸುತನ, ಕರಗಿದ ಲವಣ, ನೈಟ್ರೇಟ್, ಫ್ಲೋರೈಡ್, ಕಬ್ಬಿಣ, ಮತ್ತು ಕೊಳಚೆ ಬೆರೆತಿರುವ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾದ ಪರೀಕ್ಷೆಗೆ ಮನೆಯಲ್ಲಿದ್ದ ಖಾಲಿ ನೀರಿನ ಬಾಟಲಿ ನಡೆಯುವುದಿಲ್ಲ. ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು, ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ಅಷ್ಟು ಓಡಾಟ ಆಗದವರಿಗೆ ಎಚ್2ಎಸ್ ಸೀಸೆ ಎಂಬ ಸಣ್ಣ ಪರೀಕ್ಷೆಯಿದೆ. ಗೆರೆಯವರೆಗೆ ನೀರು ತುಂಬಿಸಿ, ಮುಚ್ಚಳ ಬಿಗಿದು, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟರೆ, ಮಲಮೂಲದ ಬ್ಯಾಕ್ಟೀರಿಯಾ ಇರುವ ನೀರು ಒಂದೆರಡು ದಿನಗಳಲ್ಲಿ ಕಪ್ಪಾಗುತ್ತದೆ. ಎರಡು ಸೀಸೆ ಸಾಕು: ಒಂದಕ್ಕೆ ಸಂಪಿನ ನೀರು, ಇನ್ನೊಂದಕ್ಕೆ ಫಿಲ್ಟರಿನ ಕೆಳಗಿನ ನಲ್ಲಿಯ ನೀರು, ಮೇಲೆ ಹೆಸರು ಬರೆದ ಚೀಟಿ ಅಂಟಿಸಿ. ಎರಡನೆಯದೇ ಕಪ್ಪಾದರೆ ಟಿಡಿಎಸ್ ಪೆನ್ನು ತೋರಿಸಿದ ಅಂಕಿಯನ್ನು ಬದಿಗಿಟ್ಟು, ಫಿಲ್ಟರು ಬಿಚ್ಚಿ ತೊಳೆಯುವವರೆಗೆ ಕುಡಿಯುವ ನೀರನ್ನು ಕುದಿಸಿಕೊಳ್ಳಬೇಕು.